ಅಮ್ಮನ ಹೆಸರಿನ ರಕ್ತ

ಸ್ವಲ್ಪ ನಿಲ್ಲಿ, ಇದನ್ನು ಪೂರ್ತಿ ಕೇಳಿ, ಅರ್ಧಕ್ಕೇ ಎದ್ದು ಹೋಗಬೇಡಿ. ಇಲ್ಲಿಂದ ಮೂವತ್ತು ವರ್ಷ ಮುಂದೆ, ದಾವಣಗೆರೆಯ ಒಂದು ಪ್ರಯೋಗಾಲಯ. ಟಿಫಿನ್ ಡಬ್ಬಿಯಷ್ಟೇ ಇರುವ ಯಂತ್ರವೊಂದು ಒಂದು ಹನಿ ರಕ್ತ ಕುಡಿದು ಗುಂಯ್‌ಗುಡುತ್ತಿದೆ. ಅದನ್ನು ಕಂಡುಹಿಡಿದ ವಿಜ್ಞಾನಿ ಅನ್ವಿತಾ ಪರದೆಯನ್ನೇ ನೋಡುತ್ತಿದ್ದಾಳೆ. ಎದುರಿಗೆ ಹರ್ಷಿತಮ್ಮ ಸೆರಗಿನ ತುದಿ ಹಿಂಡುತ್ತಾ ಕೂತಿದ್ದಾರೆ.

ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಪುಟ್ಟ ಗ್ರಂಥಿಯೇ ಅಡ್ರಿನಲ್. ಅಲ್ಲಿ ಗೆಡ್ಡೆ ಬೆಳೆದರೆ ಕೆಲವು ಪ್ರೋಟೀನುಗಳು ರಕ್ತಕ್ಕೆ ಇಳಿಯುತ್ತವೆ. ಯಂತ್ರ ಅವನ್ನು ಓದಿ, ಗೆಡ್ಡೆ ಸಾಧುವೋ ಕ್ಯಾನ್ಸರೋ, ಮುಂದೆ ಯಾವ ದಾರಿ ಹಿಡಿಯುತ್ತದೋ ಹೇಳಿಬಿಡುತ್ತದೆ! ಜೊತೆಗೆ ರಕ್ತದ ವಯಸ್ಸನ್ನೂ.

“ಹರ್ಷಿತಮ್ಮ, ನಿಮಗೆ ಐವತ್ತೊಂದು ಅಲ್ವಾ? ಈ ರಕ್ತಕ್ಕೆ ಇಪ್ಪತ್ಮೂರು ಅಂತಿದೆ.”

“ನಿಮ್ ಮಿಷಿನ್ ಕೆಟ್ಟಿರ್ಬೇಕು ಬಿಡ್ರಿ ಮೇಡಂ.”

“ಕೆಟ್ಟಿಲ್ಲ. ಯಾರದಿದು?”

ಹರ್ಷಿತಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಮಗಳದು. ಇಂಪನಂದು, ಅವಳಿಗೇ ಇಪ್ಪತ್ಮೂರು. ಸ್ಕ್ಯಾನಲ್ಲಿ ಗೆಡ್ಡೆ ಕಾಣ್ತು. ಅವಳಿಗೆ ಗ್ಯಾಸ್ಟ್ರಿಕ್ ಅಂತ ಹೇಳೀವಿ, ಗ್ಯಾಸ್ಟ್ರಿಕ್ ಟೆಸ್ಟ್ ಅಂತಾನೇ ರಕ್ತ ತೆಗೆಸಿದ್ವಿ. ಮುಂದಿನ ತಿಂಗ್ಳು ಮದುವೆ ರೀ! ಅವಳ ಹೆಸ್ರಲ್ಲಿ ಕೊಟ್ಟು, ಬೀಗ್ರಿಗೆ ಗೊತ್ತಾದ್ರೆ ಬಿಡ್ತಾರಾ? ಅದಕ್ಕೇ ನನ್ನ ಹೆಸ್ರು ಬರೆಸ್ದೆ. ಮದುವೆ ಒಂದು ಮುಗೀಲಿ, ಆಮೇಲೆ ಆಪರೇಷನ್.”

“ಅದು ಮದುವೆ ತನಕ ಕಾಯಲ್ಲಮ್ಮ. ಕ್ಯಾನ್ಸರ್. ಈಗ್ಲೇ ತೆಗೆದ್ರೆ ಹುಡುಗಿ ಉಳೀತಾಳೆ. ತಿಂಗಳು ಬಿಟ್ರೆ ಹರಡುತ್ತೆ ಅಂತಿದೆ.”

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಇಂಪನಾ ಒಳಗೆ ಬಂದಳು. ಹಣೆ ಬೆವೆತಿತ್ತು, ಒಂದು ಕೈ ಎದೆಯ ಮೇಲಿತ್ತು.

“ಥೂ, ಹಾಳು ಗ್ಯಾಸ್ಟ್ರಿಕ್! ಅಮ್ಮ, ಬೈಬೇಡ ಮತ್ತೆ. ಹೊರಗೆ ಗೆಡ್ಡೆ ಟೆಸ್ಟ್ ಚೀಟೀಲಿ ನಿನ್ನ ಹೆಸ್ರು ನೋಡ್ದೆ, ಹುಡುಗನ ಮನೆಗೆ ಫೋನ್ ಮಾಡ್ದೆ. ನಮ್ಮಮ್ಮನ ಆಪರೇಷನ್ ಆಗೋ ತನಕ ಮದುವೆ ಬೇಡ ಅಂದೆ. ಒಪ್ಕೊಂಡ್ರು, ಪಾಪ.”

ಹರ್ಷಿತಮ್ಮ ಅನ್ವಿತಾಳ ಕಡೆ ನೋಡಿ, ಬೇಡ, ಬೇಡ ಎಂದು ತಲೆಯಾಡಿಸಿದರು. ಅನ್ವಿತಾ ಪರದೆಯನ್ನು ಇಂಪನಾಳ ಕಡೆಗೆ ತಿರುಗಿಸಿದಳು. ಹೆಸರು ಹರ್ಷಿತಾ. ರಕ್ತದ ವಯಸ್ಸು ಇಪ್ಪತ್ತಮೂರು.

“ಅಯ್ಯೋ, ನೀನ್ಯಾವಾಗಮ್ಮ ಇಷ್ಟು ಚಿಕ್ಕೋಳಾದೆ?” ಇಂಪನಾ ನಕ್ಕಳು. ನಗು ಪೂರ್ತಿಯಾಗಲಿಲ್ಲ. ಅಮ್ಮ ಅಳುತ್ತಿದ್ದರು. ಇಂಪನಾಳ ಎದೆಯ ಮೇಲಿದ್ದ ಕೈ ಮೆಲ್ಲಗೆ, ಸ್ಕ್ಯಾನ್ ಮಾಡಿಸಿದ್ದ ಪಕ್ಕೆಗಿಳಿದು ಅಲ್ಲೇ ನಿಂತಿತು.

ಆ ಯಂತ್ರ ಬರಲು ಇನ್ನೂ ವರ್ಷಗಳಿವೆ. ಮಗಳಿಗೆ ಗ್ಯಾಸ್ಟ್ರಿಕ್ ಎಂದು ಹೇಳುವ ನಾವು ಮಾತ್ರ ಇವತ್ತೇ ಇದ್ದೇವೆ. ಹೇಳಿ, ಆ ಅಮ್ಮನ ಕುರ್ಚಿಯಲ್ಲಿ ನೀವು ಕೂತಿದ್ದರೆ ಯಾರ ಹೆಸರು ಬರೆಸುತ್ತಿದ್ದಿರಿ?