ಒಂದು ಮುಚ್ಚಳ ಗಂಜಿ

ತೂಕ ಇಳಿಸಲೆಂದು ಕೊಯಮತ್ತೂರಿನ ಆಸ್ಪತ್ರೆಯಲ್ಲಿ ನನ್ನ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದರು. ಮಾರನೆಯ ದಿನದಿಂದ ನರ್ಸ್ ಜೆಸಿಂತಾ ಕಾಲು ಗಂಟೆಗೊಮ್ಮೆ ಔಷಧಿಯ ಮುಚ್ಚಳದಲ್ಲಿ ನೀರು ಅಳೆದು ಕೊಡತೊಡಗಿದಳು.

"ಇನ್ನೊಂದು ಹಾಕೇ, ಗಂಟಲು ಒಣಗ್ತಿದೆ" ಎಂದು ರೇಗಿದೆ.

"ಬೈದ್ರೂ ಅಷ್ಟೇ ಅಕ್ಕಾ. ಗುಬ್ಬಿ ಥರ ಕುಡೀರಿ."

ಆ ಮುಚ್ಚಳವನ್ನೇ ನೋಡಿದೆ. ನನ್ನ ಅತ್ತೆ ಪಾವಾಯಮ್ಮ ಹಾಸಿಗೆ ಹಿಡಿದಿದ್ದ ಕೊನೆಯ ವರ್ಷ, ಹೆಚ್ಚು ಕುಡಿದರೆ ಅವಳ ಹೊಲಸು ಬಟ್ಟೆ ಒಗೆಯಬೇಕಲ್ಲ ಎಂದು ನಾನು ಗಂಜಿಯನ್ನು ಇಂಥದೇ ಮುಚ್ಚಳದಲ್ಲಿ ಅಳೆದು ಕುಡಿಸುತ್ತಿದ್ದೆ. "ಇನ್ನೊಂದು ಹಾಕು ತಾಯಿ" ಎಂದರೆ ಗದರುತ್ತಿದ್ದೆ. ಸಾಯುವಾಗ ಅವಳು ಮೂವತ್ತೊಂದು ಕಿಲೋ ಇದ್ದಳು. ಕಾರಣ ನನ್ನ ಗಂಡನಿಗೆ ಇವತ್ತಿಗೂ ಗೊತ್ತಿಲ್ಲ.

ಅಂದು ಮಧ್ಯಾಹ್ನದಿಂದ ನೀರು ಉಪ್ಪು ಹಾಕಿದ ಗಂಜಿಯ ರುಚಿ ಕೊಡತೊಡಗಿತು. ನನ್ನ ಕಾಲಿನ ಬಳಿ ಯಾರೋ ಕೂತಂತೆ ಹಾಸಿಗೆ ತಗ್ಗಿತ್ತು. ಮುಟ್ಟಿದರೆ ಒದ್ದೆ. ಜೆಸಿಂತಾ ಮೂರು ಸಲ ಹಾಸಿಗೆಯ ಬಟ್ಟೆ ಬದಲಿಸಿದಳು.

"ನೀರು ಚೆಲ್ಕೊಂಡ್ರಾ ಅಕ್ಕಾ?"

ತಲೆ ತಗ್ಗಿಸಿ ಹೌದೆಂದೆ.

ನಾಲ್ಕನೆಯ ದಿನ ಬೆಳಿಗ್ಗೆ, ಮನೆಗೆ ಕಳಿಸುವ ಮುನ್ನ ತೂಕ ನೋಡಿದರು. ಆಪರೇಷನ್‌ಗೆ ಮುಂಚೆ ನೂರಾ ಹದಿನಾಲ್ಕು ಕಿಲೋ ಇದ್ದವಳು ನೂರಾ ನಲವತ್ತೊಂದಾಗಿದ್ದೆ.

"ಕದ್ದು ಬಿರಿಯಾನಿ ತಿಂದ್ರಾ?" ಜೆಸಿಂತಾ ನಕ್ಕಳು. "ಮಷಿನ್ ಕೆಟ್ಟಿದೆ ಅನ್ಸುತ್ತೆ, ಇಳೀರಿ ನೋಡೋಣ."

ನಾನು ಇಳಿದೆ. ಯಂತ್ರದ ಮೇಲೆ ಯಾರೂ ಇರಲಿಲ್ಲ. ಅಂಕಿ ನಿಧಾನವಾಗಿ ಇಳಿಯಿತು, ಆದರೆ ಸೊನ್ನೆಗೆ ಬರಲಿಲ್ಲ. ಮೂವತ್ತೊಂದಕ್ಕೆ ನಿಂತಿತು.