ಕೈಯಾರೆ ಇಟ್ಟ ಕಲ್ಲು

"ಅವರವರ ಕಲ್ಲು ಅವರವರ ಕೈಯಾರೆ ಇಡ್ಬೇಕು, ತಿಳೀತಾ?" ಎನ್ನುತ್ತ ಊಮಾ ಡೋರ್ಕಾ ಗಾಡಿಯ ಕಿಟಕಿಯೊಳಗೆ ಎರಡು ಕಲ್ಲು ಹಿಡಿದ ಕೈ ಚಾಚಿದಳು. "ಗೋರಿ ಹತ್ರ ಇಳೀರಿ. ಕಲ್ಲಿಡಿ. ದಾರಿ ಬಿಡಪ್ಪಾ ಅನ್ನಿ. ಒಬ್ರ ಕಲ್ಲನ್ನ ಇನ್ನೊಬ್ರು ಇಡೋ ಹಂಗಿಲ್ಲ. ಹಂಗೆ ಇಡೋದು ಸತ್ತೋರಿಗೆ."

ಪೆಟ್ರೋಲ್ ಪಂಪಿನ ತಗಡಿನ ನೆರಳಲ್ಲಿ ಒಣಮಾಂಸ ಮಾರುವ ಮುದುಕಿ ಆಕೆ. ಉತ್ತರಕ್ಕೆ ಹೋಗುವ ಪ್ರತಿಯೊಂದು ಗಾಡಿಗೂ ಇದೇ ಮಾತು, ಇದೇ ಕಲ್ಲು. ಅಲ್ಲಿಂದಾಚೆಗಿನ ಬಯಲಿನಲ್ಲಿ ಬರೀ ಮರಳು ಮತ್ತು ಪುಡಿಜಲ್ಲಿ; ಹಿಡಿಗಾತ್ರದ ಕಲ್ಲು ಹುಡುಕಿದರೂ ಸಿಗದು.

"ಅಜ್ಜೀ, ಕಲ್ಲೇ ನನಗೆ ಅನ್ನ," ಎಂದು ಟೀಟಸ್ ನಕ್ಕ. ವಿಂಡ್‌ಹುಕ್ ನಗರದ ಗ್ರಾನೈಟ್ ಕಂಪನಿಯೊಂದರಲ್ಲಿ ಕಲ್ಲು ಪರೀಕ್ಷಿಸುವ ಕೆಲಸ ಅವನದು. "ದಿನಾ ನೂರು ಕಲ್ಲು ಒಡೀತೀನಿ. ಇವತ್ತಿನವರೆಗೂ ಒಂದೂ ನನ್ ಮೇಲೆ ಮುನಿಸ್ಕೊಂಡಿಲ್ಲ."

"ಆ ಕಲ್ಲುಗಳ ಅಡಿ ಯಾರೂ ಮಲಗಿರ್ಲಿಲ್ಲ ಮಗಾ."

ಪಕ್ಕದಲ್ಲಿ ಕೂತಿದ್ದ ಹೆಂಡತಿ ಓಟಿಲಿ ಎರಡೂ ಕಲ್ಲನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಅವಳು ಹುಟ್ಟಿದ್ದು ಈ ಸೀಮೆಯಲ್ಲಿ. ಮದುವೆಯಾಗಿ ನಾಲ್ಕು ತಿಂಗಳು. ದಾರಿಯುದ್ದಕ್ಕೂ ಪ್ರಾಣಿಗಳನ್ನು ನೋಡಿಕೊಂಡು, ಒಣಹೊಳೆಯಲ್ಲಿ ಆನೆ ಕಂಡರೆ ಕಂಡು, ಸಂಜೆಗೆ ಅವಳ ತಾಯಿಯ ಮನೆ ಸೇರುವುದೆಂದು ಬಾಡಿಗೆಗೆ ಗಾಡಿ ಹಿಡಿದು ಹೊರಟಿದ್ದರು. ಅತ್ತೆಯ ಮನೆಗೆ ಅಳಿಯ ಕಾಲಿಡುವುದು ಇದೇ ಮೊದಲು.

ಬೆಳಗಿನ ಬಿಸಿಲು ಕೆಂಪು ಗುಡ್ಡಗಳ ಮೇಲೆ ಹರಡಿತ್ತು. ಜಿಂಕೆಗಳ ಹಿಂಡು ಚಂಗನೆ ನೆಗೆದು ದಾರಿ ದಾಟಿತು. ಜೀಬ್ರಾಗಳು ತಲೆಯೆತ್ತಿ ನೋಡಿ ಮತ್ತೆ ಒಣಹುಲ್ಲಿಗೆ ಬಾಯಿ ಹಾಕಿದವು. ಮುಂದೆ ಒಂದು ಉಷ್ಟ್ರಪಕ್ಷಿ ಗಾಡಿಯ ಸಮಕ್ಕೆ ಓಡತೊಡಗಿದಾಗ ಟೀಟಸ್‌ಗೆ ಹುಚ್ಚು ಹುಮ್ಮಸ್ಸು ಬಂತು. ಓಟಿಲಿಯ ಮಡಿಲಿಂದ ಒಂದು ಕಲ್ಲು ಕಸಿದು, ಕಿಟಕಿಯಿಂದ ಬೀಸಿ ಒಗೆದ. ಹಕ್ಕಿಯ ಬೆನ್ನಿಗೆ ಬಡಿಯಿತು. ಅದು ಎಡವಿ, ಸಾವರಿಸಿಕೊಂಡು, ಕುಂಟುತ್ತ ಹೋಯಿತು.

"ಅಯ್ಯೋ, ಅದು ನಿಂದು ಕಣೋ!"

"ನಿಂದೊಂದು ಇದೆಯಲ್ಲ. ನನಗೂ ಸೇರ್ಸಿ ಇಟ್ಬಿಡು. ಗಂಡ ಹೆಂಡ್ತಿ ಬೇರೆ ಬೇರೆನಾ?"

"ಬಿಡ್ತು ಅನ್ನು!" ಓಟಿಲಿ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಟೀಟಸ್, ತಮಾಷೆಗೂ ಆ ಮಾತು ಬೇಡ. ಬಿಡ್ತು ಅನ್ನು."

ಅವನು ಅನ್ನಲಿಲ್ಲ. ಹಣೆಬರಹ ನೆಟ್ಟಗಿಲ್ಲದವನಿಗೆ ಒಳ್ಳೆಯ ಮಾತು ಕಿವಿಗೆ ಹೊಕ್ಕರೆ ತಾನೆ.

ಮಧ್ಯಾಹ್ನದ ಹೊತ್ತಿಗೆ ಗೋರಿ ಕಂಡಿತು. ಸತ್ತು ಸತ್ತು ಎದ್ದವನ ಗೋರಿಯೆಂದು ಅಲ್ಲಿಯವರು ಕರೆಯುವ ಎದೆಮಟ್ಟದ ಕಲ್ಲುಗುಡ್ಡೆ. ಓಟಿಲಿ ನಿಲ್ಲಿಸು ನಿಲ್ಲಿಸು ಎಂದಳು. ಟೀಟಸ್ ಹಾರ್ನ್ ಬಾರಿಸಿ, ಗೋರಿಗೊಂದು ಸಲಾಮು ಹೊಡೆದು ಮುಂದೆ ಹೋದ. ನೂರು ಹೆಜ್ಜೆ ಹೋಗಿರಲಿಕ್ಕಿಲ್ಲ, ಢಬ್ಬೆಂದು ಹಿಂದಿನ ಟೈರು ಒಡೆಯಿತು.

ಸ್ಟೆಪ್ನಿ ಇತ್ತು, ಜಾಕ್ ಇತ್ತು. ಆದರೆ ಜಾಕ್ ಕೊಟ್ಟಷ್ಟೂ ಮರಳಿನಲ್ಲಿ ಇಳಿಯುತ್ತಿತ್ತು. ಅಡಿಗಿಡಲು ಚಪ್ಪಟೆ ಕಲ್ಲು ಬೇಕು. ಆ ಬಯಲಿನಲ್ಲಿ ಅಂಥ ಕಲ್ಲು ಇದ್ದದ್ದು ಒಂದೇ ಕಡೆ.

"ಬೇಡ ಟೀಟಸ್. ಕಾಲಿಗೆ ಬೀಳ್ತೀನಿ, ಬೇಡ."

ಅವನು ಗುಡ್ಡೆಯ ನಡುವಿಂದ ರೊಟ್ಟಿಯಗಲದ ಒಂದು ಕರಿಗಲ್ಲು ಕಿತ್ತ. ಉಳಿದ ತೂತಿನಿಂದ ತಣ್ಣನೆಯ ಗಾಳಿ ಅವನ ಮೊಣಕೈಗೆ ತಾಗಿತು. ಅದರಲ್ಲಿ ಹಸಿಮಣ್ಣಿನ ವಾಸನೆ ಇತ್ತು. ಆ ಸೀಮೆಗೆ ಮಳೆ ಬಿದ್ದು ಮೂರು ವರ್ಷವಾಗಿತ್ತು. ಕಲ್ಲು ಬಲ್ಲ ಟೀಟಸ್‌ಗೆ ಇದು ಹೊಳೆಯದೆ ಇರಲಿಲ್ಲ. ಹೊಳೆದರೂ ಕೊಡವಿಕೊಂಡ.

ಚಕ್ರ ಹಾಕಿದ ಮೇಲೆ ಓಟಿಲಿ, "ಕಿತ್ತಿದ್ದು ಮೊದ್ಲು ಒಳಗಿಡು. ಆಮೇಲೆ ನಾನು ನಂದಿಡ್ತೀನಿ," ಎಂದಳು.

"ಇನ್ನೊಂದು ಟೈರು ಹೋದ್ರೆ ಜಾಕಿಗೆ ಬೇಕಾಗತ್ತೆ," ಎಂದು ಅವನು ಆ ಕಲ್ಲನ್ನು ಗಾಡಿಯ ಹಿಂದಕ್ಕೆ ಎಸೆದ. "ಹತ್ತೋದಾದ್ರೆ ಹತ್ತು. ಇಲ್ಲಾಂದ್ರೆ ಇಲ್ಲೇ ಬಿದ್ದಿರು."

ಅವಳು ಹತ್ತಿದಳು. ತನ್ನ ಕಲ್ಲನ್ನು ಮುಷ್ಟಿಯಲ್ಲಿ ಬಿಗಿಹಿಡಿದೇ ಹತ್ತಿದಳು.

ಇಪ್ಪತ್ತು ಕಿಲೋಮೀಟರ್ ಕಳೆದ ಮೇಲೆ ಮುಂದೆ ಒಂದು ಗುಡ್ಡೆ ಕಂಡಿತು. ನಡುವೆ ತೂತು. ಪಕ್ಕದ ಮರಳಿನಲ್ಲಿ ಜಾಕ್ ಊರಿದ ಗುರುತು, ಒಡೆದ ಟೈರಿನ ಚೂರು.

"ಎಲ್ಲೋ ತಪ್ಪು ತಿರುವು ತಗೊಂಡ್ವಿ."

"ಇಲ್ಲಿರೋದೇ ಒಂದು ದಾರಿ ಟೀಟಸ್."

ಮತ್ತೆ ಓಡಿಸಿದ. ಮತ್ತೆ ಅದೇ ಗುಡ್ಡೆ. ಈ ಸಲ ತೂತು ದೊಡ್ಡದಾಗಿತ್ತು. ಅದರ ಕಪ್ಪು, ಬಿಸಿಲು ನೆತ್ತಿಯ ಮೇಲಿದ್ದರೂ ತಿಳಿಯಾಗುತ್ತಿರಲಿಲ್ಲ. ಗಾಡಿಯ ಹಿಂದಿನಿಂದ ಟಕ್, ಟಕ್ ಎಂದು ಸದ್ದು ಬರತೊಡಗಿತ್ತು. ಯಾರೋ ಒಳಗಿನಿಂದ ಬಾಗಿಲು ಬಡಿದಂತೆ. ಸುಟ್ಟ ರಬ್ಬರಿನ ವಾಸನೆ ಹೋಗಿ ಗಾಡಿಯೊಳಗೆಲ್ಲ ಹಸಿಮಣ್ಣು ನಾರುತ್ತಿತ್ತು. ಪೆಟ್ರೋಲ್ ಮುಳ್ಳು ತಳಕ್ಕಿಳಿದಿತ್ತು. ಕುಡಿಯಲು ಉಳಿದದ್ದು ಒಂದೇ ಕ್ಯಾನು ನೀರು.

ಮೂರನೆಯ ಸಲ ಗುಡ್ಡೆ ಬಂದಾಗ ಮುಂದೆ ದಾರಿಯೇ ಇರಲಿಲ್ಲ. ಈಟಿಯಂಥ ಕೊಂಬಿನ ದೊಡ್ಡ ಜಿಂಕೆಗಳಾದ ಓರಿಕ್ಸ್‌ಗಳು ಅಡ್ಡಕ್ಕೆ ಸಾಲಾಗಿ ನಿಂತಿದ್ದವು. ನಲವತ್ತೋ ಐವತ್ತೋ. ಒಂದೂ ಬಾಲ ಅಲ್ಲಾಡಿಸಲಿಲ್ಲ. ಒಂದರ ಮೈಮೇಲೂ ನೊಣ ಕೂರಲಿಲ್ಲ. ಎಲ್ಲವೂ ಟೀಟಸ್‌ನನ್ನೇ ನೋಡುತ್ತಿದ್ದವು.

"ಇಳಿ," ಎಂದಳು ಓಟಿಲಿ. "ನಿನ್ ಕೈಯಾರೆ ವಾಪಸ್ ಇಡು. ಬಿಟ್ಬಿಡತ್ತೆ."

ಟೀಟಸ್ ಸ್ಟೀರಿಂಗನ್ನು ಬಿಗಿಹಿಡಿದ. ತಮಾಷೆ ಎಲ್ಲ ಎಲ್ಲಿ ಹೋಯಿತೋ. "ನಾನಿಳಿಯಲ್ಲ. ನೀನೇ ಹೋಗು. ನೀನೇ ಇಟ್ಟು ಬಾ."

ಓಟಿಲಿ ಗಂಡನನ್ನು ಒಂದು ಗಳಿಗೆ ನೋಡಿದಳು. ಇಳಿದು, ಹಿಂದಿನಿಂದ ಕರಿಗಲ್ಲು ತೆಗೆದುಕೊಂಡು, ಗುಡ್ಡೆಯ ಬಳಿ ಹೋಗಿ ಅದನ್ನು ಕೆಳಗಿಟ್ಟಳು. ಮೊದಲು ತನ್ನ ಕಲ್ಲನ್ನು ಗುಡ್ಡೆಯ ಮೇಲಿಟ್ಟು ತಲೆಬಾಗಿದಳು.

ಓರಿಕ್ಸ್‌ಗಳು ಸರಿದವು. ನಡುವೆ ಒಂದು ಗಾಡಿ ಹಿಡಿಸುವಷ್ಟು ದಾರಿ ತೆರೆಯಿತು. ಅದರ ತುದಿಯಲ್ಲಿ ಅತ್ತೆಯ ಊರಿನ ತಗಡಿನ ಸೂರುಗಳು ಮಿನುಗಿದವು.

ಓಟಿಲಿ ತಿರುಗಿ ನಕ್ಕಳು. "ನಂದಾಯ್ತು. ಈಗ ನಿಂದು. ಬಾರೋ, ಹೆದರ್ಬೇಡ. ನಾನು ಕೈ ಹಿಡ್ಕೊಂಡಿರ್ತೀನಿ."

ಗುಡ್ಡೆಗೆ ಹತ್ತು ಹೆಜ್ಜೆ. ಆ ತೂತಿಗೆ ಹತ್ತು ಹೆಜ್ಜೆ. ಟೀಟಸ್ ತೆರೆದ ದಾರಿ ನೋಡಿದ, ಹೆಂಡತಿಯನ್ನು ನೋಡಿದ. ಇವಳು ಬಂದು ಹತ್ತುವಷ್ಟರಲ್ಲಿ ದಾರಿ ಮುಚ್ಚಿಕೊಂಡರೆ? ಊರಿಗೆ ಹೋಗಿ ಜನರನ್ನು ಕಳಿಸಿದರಾಯಿತು. ಹೇಡಿಗೆ ನೆಪಗಳಿಗೇನು ಬರ. ಆಕ್ಸಿಲರೇಟರ್ ತುಳಿದೇಬಿಟ್ಟ.

"ಟೀಟಸ್! ನೀರಾದ್ರೂ ಕೊಟ್ಟು ಹೋಗೋ!"

ನಿಲ್ಲಿಸಲಿಲ್ಲ. ಓರಿಕ್ಸ್‌ಗಳ ಸಾಲನ್ನು ಗಾಡಿ ದಾಟಿತು. ಬದುಕಿದೆ ಎಂದುಕೊಂಡು ಕನ್ನಡಿ ನೋಡಿದ.

ಓಟಿಲಿ ಕೂಗುವುದನ್ನು ನಿಲ್ಲಿಸಿದ್ದಳು. ಓಡಿಬರುತ್ತಲೂ ಇರಲಿಲ್ಲ. ಬಗ್ಗಿದಳು. ಕರಿಗಲ್ಲನ್ನು ಎತ್ತಿಕೊಂಡಳು. ಮಗುವನ್ನು ಹಿಡಿದಂತೆ ಎದೆಗವುಚಿ ಕೊಂಚ ಹೊತ್ತು ನಿಂತಳು. ಆಮೇಲೆ ಅವಳ ತುಟಿ ಅಲುಗಿತು. ಅಷ್ಟು ದೂರದಿಂದ ಕೇಳುವಂತಿರಲಿಲ್ಲ. ಆದರೂ ಕೇಳಿತು. ತನ್ನದೇ ಹೆಸರು.

"ಬೇಡ ಕಣೇ! ಇಡಬೇಡ!"

ಅವಳು ಇಟ್ಟಳು.

ಟಕ್.

ಎದೆಯ ಮೇಲೆ ಭಾರ. ಟೀಟಸ್ ಕೆಮ್ಮಿದ. ಬಾಯಿಂದ ಮರಳು ಬಂತು. ಸ್ಟೀರಿಂಗ್ ಎಲ್ಲಿ? ಕೈಗೆ ಕಲ್ಲು ತಗುಲಿತು. ಕಾಲು ಚಾಚಿದ. ಕಲ್ಲು. ತಲೆ ಎತ್ತಿದ. ಹಣೆಗೆ ಕಲ್ಲು. ಬಿಸಿಲಿಲ್ಲ. ಬೆಳಕಿಲ್ಲ. ಹಸಿಮಣ್ಣಿನ ವಾಸನೆ. ಎದೆಮೇಲಿನ ಕಲ್ಲನ್ನು ಸವರಿದ. ಚಪ್ಪಟೆ. ರೊಟ್ಟಿಯಗಲ. ಕಿರುಚಿದ. ಬಾಯಿ ತುಂಬ ಮಣ್ಣು.

ಸಂಜೆ ನೀರಿನ ಟ್ಯಾಂಕರೊಂದು ಓಟಿಲಿಯನ್ನು ಪೆಟ್ರೋಲ್ ಪಂಪಿನ ಬಳಿ ತಂದು ಇಳಿಸಿತು. ಊಮಾ ಡೋರ್ಕಾ ಚೊಂಬು ತುಂಬ ನೀರು ಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಕಾದು ಕೇಳಿದಳು.

"ಗಂಡ ಎಲ್ಲಮ್ಮಾ?"

"ಅಲ್ಲೇ ಇದಾನೆ ಊಮಾ. ನಾನೇ ಇಟ್ಟು ಬಂದೆ."

ಮುದುಕಿ ಚೊಂಬಿಗೆ ಇನ್ನಷ್ಟು ನೀರು ಬಗ್ಗಿಸಿದಳು.

ಮರುದಿನ ಗಾಡಿ ಸಿಕ್ಕಿತು. ಬಾಗಿಲುಗಳು ಒಳಗಿನಿಂದ ಭದ್ರವಾಗಿದ್ದವು. ನೀರಿನ ಕ್ಯಾನು ತುಂಬಿಯೇ ಇತ್ತು. ಓಡಿಸುವವನ ಸೀಟಿನಲ್ಲಿ ಒಬ್ಬ ಆಳು ಕೂತಷ್ಟು ಮರಳು ಬಿದ್ದಿತ್ತು.

ಪಂಪಿನ ಬಳಿ ಊಮಾ ಈಗಲೂ ಕಲ್ಲು ಹಂಚುತ್ತಾಳೆ. ಆನೆ ನೋಡಲು ಬರುವ ಜನ ಒಳ್ಳೆಯವರು. ಗೋರಿಯ ಬಳಿ ಇಳಿದು, ಭಕ್ತಿಯಿಂದ ಒಂದೊಂದು ಇಟ್ಟು ಹೋಗುತ್ತಾರೆ. ಒಳಗಿರುವವನಿಗೆ ಪ್ರತಿಯೊಂದು ಗಾಡಿಯ ಸದ್ದೂ ಕೇಳುತ್ತದೆ. ಕೂಗುತ್ತಾನೆ. ಟಕ್. ಪಕ್ಕೆಲುಬಿನ ಮೇಲೆ ಇನ್ನೊಂದು ಕಲ್ಲಿನ ಭಾರ ಕೂರುತ್ತದೆ. ಅವನಿಗೆ ಸಾವು ಬರುವುದಿಲ್ಲ, ಸತ್ತು ಸತ್ತು ಏಳುವವರ ಜಾಗ ಅದು.

ವರ್ಷಕ್ಕೊಮ್ಮೆ ತಾಯಿಯನ್ನು ನೋಡಲು ಓಟಿಲಿಯೂ ಅದೇ ದಾರಿಯಲ್ಲಿ ಬರುತ್ತಾಳೆ. ಊಮಾಳ ಬುಟ್ಟಿಯಲ್ಲಿ ಕೈಯಾಡಿಸಿ, ಆರಿಸಿ ಆರಿಸಿ, ಎಲ್ಲಕ್ಕಿಂತ ದೊಡ್ಡದನ್ನೇ ಎತ್ತಿಕೊಳ್ಳುತ್ತಾಳೆ.