ಫಲಿತಾಂಶವಿಲ್ಲದ ಹುಡುಕಾಟಗಳು

"ನಿಮ್ಮ ಈ ವಿಕಿಯನ್ನು ಒಲೆಗೆ ಹಾಕಿ!"

ಡೊಂಬಿವಲಿ ಪೂರ್ವದ ಸಂಘದ ಕಚೇರಿಗೆ, ಚಪ್ಪಲಿ ಕಳಚುವುದನ್ನೂ ಮರೆತು ನುಗ್ಗಿದ ಅಶ್ಮಿತಾ ಆಡಿದ ಮೊದಲ ಮಾತು ಇದು. ೨೦೧೦ರ ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ. ಅವಳ ಅಪ್ಪ ಗುಣಪಾಲರು ಕಲ್ಯಾಣಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಕಾದು ಮಲಗಿದ್ದರು. ಬೇಕಾದ ರಕ್ತ ಓ ನೆಗೆಟಿವ್. ಬ್ಲಡ್ ಬ್ಯಾಂಕಿನವರು ಕೈಚೆಲ್ಲಿಬಿಟ್ಟಿದ್ದರು.

ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದವರ ಆ ಸಂಘಕ್ಕೆ ಒಂದು ವೆಬ್‌ಸೈಟ್ ಇತ್ತು. ಸದಸ್ಯರೇ ಪುಟ ಬರೆದು ತುಂಬಿಸುವ ವಿಕಿ. ಯಾರ ಮನೆ ಎಲ್ಲಿ, ಯಾರಿಗೆ ಮದುವೆ, ಯಾರು ರಕ್ತ ಕೊಡುತ್ತಾರೆ, ಎಲ್ಲವೂ ಅದರಲ್ಲಿದೆ ಎಂದು ಕಾರ್ಯದರ್ಶಿ ರಘುಪತಿಯವರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಇತ್ತು, ನಿಜ. ಹುಡುಕಿದರೆ ಮಾತ್ರ ಸಿಗುತ್ತಿರಲಿಲ್ಲ. ರಕ್ತ ಕೊಡುವವರ ಹೆಸರನ್ನು ಅವರವರ ಊರಿನ ಪುಟದಲ್ಲಿ ಬರೆದಿಟ್ಟಿದ್ದರು. ಕಾಪುವಿನವರದು ಕಾಪುವಿನಲ್ಲಿ, ಮೂಲ್ಕಿಯವರದು ಮೂಲ್ಕಿಯಲ್ಲಿ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತ ಮಗಳು ಯಾವ ಊರನ್ನು ತೆರೆಯಬೇಕು?

ಕಂಪ್ಯೂಟರಿನ ಮುಂದೆ ಕುಳಿತಿದ್ದ ಲತೀಶ್ ವಾದ ಮಾಡಲಿಲ್ಲ. ಆ ವಿಕಿಯನ್ನು ಕಟ್ಟಿದವನೇ ಅವನು. ಒಂದು ಗಳಿಗೆ ಕಣ್ಣು ಮುಚ್ಚಿ ಯೋಚಿಸಿದ. ಆಮೇಲೆ ಫೋನ್ ಎತ್ತಿ, ನಂಬರು ನೋಡದೆಯೇ ಒತ್ತಿದ.

"ಯಶ್ವಂತಣ್ಣ, ಠಾಕುರ್ಲಿಯಲ್ಲೇ ಇದ್ದೀರಲ್ಲ? ಹೊರಡಿ. ಕಲ್ಯಾಣಿಗೆ."

ಇಪ್ಪತ್ತು ನಿಮಿಷದಲ್ಲಿ ಇನ್ನೂ ಒಬ್ಬರು ಸಿಕ್ಕರು. ಅಶ್ಮಿತಾಳಿಗೆ ಆಗ ತನ್ನ ಕಾಲಿನ ಚಪ್ಪಲಿ ಕಂಡಿತು. ನಾಚಿಕೆಯಾಯಿತು. ನಾಚಿಕೆಯನ್ನು ಮುಚ್ಚಿಕೊಳ್ಳಲು ಮತ್ತೆ ಸಿಟ್ಟು ಮಾಡಿದಳು.

"ಎಲ್ಲ ನಿಮ್ಮ ತಲೆಯಲ್ಲೇ ಉಂಟಲ್ಲ... ನೀವು ಇಲ್ಲದ ದಿನ ನಾವು ಎಂತ ಮಾಡುವುದು?"

ಅವನು ನಕ್ಕ. ತಪ್ಪು ಒಪ್ಪಿಕೊಂಡವನ ನಗು. ಆ ನಗುವನ್ನು ಅವಳು ಆಸ್ಪತ್ರೆಯವರೆಗೂ ಹೊತ್ತುಕೊಂಡು ಹೋದಳು.

ಅಪ್ಪ ಗುಣವಾಗಿ ಮನೆಗೆ ಬಂದರು. ಬಾಯಿ ಮಾಡಿದವಳೇ ಸರಿಪಡಿಸಲಿ ಎಂದು ರಘುಪತಿಯವರು ಅಶ್ಮಿತಾಳನ್ನು ಭಾನುವಾರದ ಕೆಲಸಕ್ಕೆ ಕರೆದರು. ಐರೋಲಿಯ ಐಟಿ ಪಾರ್ಕಿನಲ್ಲಿ ವಾರವಿಡೀ ಇದೇ ಕೆಲಸ ಮಾಡುವವಳು, ಭಾನುವಾರವೂ ಅದನ್ನೇ ಮಾಡಲು ಯಾಕೆ ಒಪ್ಪಿದಳು ಎಂದು ನೀವು ಕೇಳುವುದಿಲ್ಲ ಎಂದುಕೊಳ್ಳುತ್ತೇನೆ.

ಎಂಟು ತಿಂಗಳು. ಎರಡು ಕುರ್ಚಿ, ಒಂದು ಕಂಪ್ಯೂಟರ್, ಕೆಳಗಿನ ಹೋಟೆಲಿನಿಂದ ಬರುವ ಬನ್ಸ್ ಮತ್ತು ಚಹಾ. ಕೆಲಸ ಮುಗಿದ ಮೇಲೆ ಅವನು ಅವಳ ಜೊತೆ ಸ್ಟೇಷನ್ನಿನವರೆಗೆ ನಡೆಯುತ್ತಿದ್ದ. ಅವಳ ಮನೆ ಠಾಕುರ್ಲಿ. ರೈಲಿನಲ್ಲಿ ಒಂದೇ ಸ್ಟೇಷನ್, ಮೂರು ನಿಮಿಷ. ಆ ಮೂರು ನಿಮಿಷದ ಗಾಡಿಗಾಗಿ ಇಬ್ಬರೂ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಬಂದ ಮೂರು ಗಾಡಿ ಬಿಡುತ್ತಿದ್ದರು. ರಶ್ ಜಾಸ್ತಿ ಎಂದು ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಿದ್ದರು.

ತನಗೆ ನಾಲ್ಕು ವರ್ಷವಿದ್ದಾಗ ತಾಯಿ ಹೋದದ್ದನ್ನು, ಹೋಟೆಲಿನ ಗಲ್ಲಾದ ಮುಂದೆ ಕುಳಿತೇ ಬೆಳೆಸಿದ ಅಪ್ಪ ಚೆನ್ನಯ ಎರಡು ವರ್ಷದ ಹಿಂದೆ ತೀರಿಕೊಂಡದ್ದನ್ನು ಅವನು ಹೇಳಿದ್ದು ಅಲ್ಲಿಯೇ. ಇವನನ್ನು ಮನೆಗೆ ಕರೆದು ಅಮ್ಮನ ಕೈಯ ನೀರುದೋಸೆ ತಿನ್ನಿಸಬೇಕು ಎಂದು ಅವಳ ಮನಸ್ಸು ಅಂದೇ ತೀರ್ಮಾನಿಸಿತು.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಕಚೇರಿಯ ಚಾವಿ, ಪಾಸ್‌ವರ್ಡ್ ಎಲ್ಲ ರಘುಪತಿಯವರಿಗೆ ಒಪ್ಪಿಸಿದ್ದನಂತೆ. ನೆರೂಲಿನಲ್ಲಿ ಹೊಸ ಕೆಲಸವಂತೆ, ಅಲ್ಲೇ ರೂಮಂತೆ. ಅವಳ ಮೊಬೈಲಿಗೆ ಬಂದದ್ದು ಎರಡೇ ಸಾಲು: "ಇನ್ನು ನಾನು ಬರುವುದಿಲ್ಲ. ದಯವಿಟ್ಟು ಕಾರಣ ಕೇಳಬೇಡಿ."

ಅವಳು ಕೇಳಲಿಲ್ಲ. ಬೇಡ ಎಂದವನ ಬಾಗಿಲು ತಟ್ಟುವ ಹುಡುಗಿಯಲ್ಲ ಅವಳು. ಆದರೆ ಕೇಳದ ಪ್ರಶ್ನೆ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತುಬಿಟ್ಟಿತು. ನಾನೇ ಜಾಸ್ತಿ ಸಲಿಗೆ ತೋರಿಸಿದೆನೇ... ಅವನಿಗೆ ಬೇರೆ ಯಾರಾದರೂ ಇದ್ದರೇ...

ಒಮ್ಮೆ ಠಾಣೆ ರೈಲು ನಿಲ್ದಾಣದಲ್ಲಿ ಕಂಡ. ಅವಳು ಐರೋಲಿಯಿಂದ ಬಂದ ಗಾಡಿಯಿಂದ ಇಳಿದಳು. ಅವನು ನೆರೂಲಿನ ಗಾಡಿಯ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದ. ನೋಡಿದ. ಗಾಡಿ ಹೊರಡುವವರೆಗೂ ಕಣ್ಣು ಕೀಳಲಿಲ್ಲ, ಇಳಿಯಲೂ ಇಲ್ಲ. ಹಾಗೆ ನೋಡುವವನು ಹಾಗೆ ಬಿಟ್ಟುಹೋದದ್ದೇಕೆ ಎಂದು ಅವಳು ಡೊಂಬಿವಲಿ ದಾಟುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಅತ್ತಳು.

ಮೂರು ವರ್ಷ ಹೀಗೇ ಕಳೆಯಿತು. ಬಂದ ಸಂಬಂಧಗಳಿಗೆಲ್ಲ ಒಂದೊಂದು ನೆಪ ಹೇಳಿದಳು.

೨೦೧೪ರಲ್ಲಿ ಸಂಘಕ್ಕೆ ಮೂವತ್ತು ತುಂಬಿತು. ಹಬ್ಬದ ಮೊದಲು, ಅರ್ಧಕ್ಕೇ ನಿಂತಿದ್ದ ವಿಕಿಯ ಹುಡುಕಾಟ ಸರಿಯಾಗಲೇಬೇಕು ಎಂದು ರಘುಪತಿಯವರು ಪಟ್ಟು ಹಿಡಿದರು. ಅಶ್ಮಿತಾ ಅದೇ ಕುರ್ಚಿಯಲ್ಲಿ ಕುಳಿತಳು. ಪಕ್ಕದ ಕುರ್ಚಿಯ ಮೇಲೆ ಕೈಚೀಲ ಇಟ್ಟಳು, ಅದು ಖಾಲಿ ಕಾಣಬಾರದು ಎಂದು.

ಜನ ಏನು ಹುಡುಕುತ್ತಾರೆ ಎಂದು ತಿಳಿಯದೆ ಯಾವುದನ್ನು ಎಲ್ಲಿಡುವುದು? ಸದಸ್ಯರು ಹುಡುಕಿ ಏನೂ ಸಿಗದೆ ಹೋದದ್ದರ ಪಟ್ಟಿಯನ್ನು ಯಂತ್ರ ತಾನೇ ಬರೆದಿಟ್ಟುಕೊಂಡಿರುತ್ತದೆ. ಹುಡುಕಿದವರ ಹೆಸರು, ತಾರೀಕು ಸಮೇತ. ಅವಳು ಅದನ್ನು ತೆರೆದಳು. "ಭಜನೆ ಹಾಲಿನ ಚಾವಿ ಯಾರ ಹತ್ತಿರ." "ಕಲ್ಯಾಣಿನಲ್ಲಿ ಕೋರಿ ರೊಟ್ಟಿ." ಅವಳಿಗೆ ನಗು ಬಂತು.

ಆಮೇಲೆ ನಗು ನಿಂತಿತು.

"ಒಂದೇ ಬಳಿ ಮದುವೆ." "ಒಂದೇ ಬಳಿ ಬೇರೆ ಊರು ಮದುವೆ ಆಗಬಹುದೇ." ಹುಡುಕಿದವನು ಲತೀಶ್. ತಾರೀಕು, ಅವನು ಬಿಟ್ಟುಹೋದ ವಾರದ್ದು.

ಬಳಿ ಎಂದರೆ ಆ ಜನರಲ್ಲಿ ಕುಲ. ಒಂದೇ ಬಳಿಯವರು ಅಣ್ಣ ತಂಗಿಯರ ಲೆಕ್ಕ. ಮದುವೆಯ ಮಾತೇ ಇಲ್ಲ. ಅವಳು ತನ್ನ ಪುಟ ತೆರೆದಳು: ಸಾಲಿಯಾನ್ ಬಳಿ. ಅವನದನ್ನು ತೆರೆದಳು: ಸಾಲಿಯಾನ್ ಬಳಿ.

ಪಟ್ಟಿ ಇನ್ನೂ ಮುಗಿದಿರಲಿಲ್ಲ. ಸಂಘದಲ್ಲಿ ಯಾರ ಮದುವೆಯಾದರೂ ವಿಕಿಯಲ್ಲಿ ಒಂದು ಪುಟ ಏಳುತ್ತದೆ. "ಅಶ್ಮಿತಾ ಮದುವೆ." ಫಲಿತಾಂಶವಿಲ್ಲ. "ಅಶ್ಮಿತಾ ಮದುವೆ." ಫಲಿತಾಂಶವಿಲ್ಲ. ಪ್ರತಿ ಭಾನುವಾರ, ಮೂರು ವರ್ಷ, ಒಂದೂ ತಪ್ಪದೆ. ಕೊನೆಯದು ಹೋದ ಭಾನುವಾರದ್ದು.

ಅವಳು ಕೀಬೋರ್ಡಿನ ಮೇಲೆ ತಲೆಯಿಟ್ಟಳು. ಬೇಡವಾಗಿ ಹೋದವನಲ್ಲ ಅವನು... ಬೇಕಾಗಿಯೂ ಆಗದು ಎಂದು ಹೋದವನು. ಇದು ಇನ್ನೂ ದೊಡ್ಡ ನೋವು.

ಆಗ ಬಂದವರು ಲೋಲಾಕ್ಷಕ್ಕ, ಮಹಿಳಾ ವಿಭಾಗದ ಹಿರಿಯರು. ತಮ್ಮ ಹೆಸರು ಹುಡುಕಿದರೆ ಸಿಗುವುದಿಲ್ಲ, ಗಂಡನ ಹೆಸರು ಹಿಡಿದು "ಬೂಬರ ಪತ್ನಿ" ಎಂದಷ್ಟೇ ಇದೆ ಎಂದು ಜಗಳ ತೆಗೆಯಲು ಬಂದಿದ್ದರು. ಹುಡುಗಿಯ ಕಣ್ಣು ನೋಡಿ ಜಗಳ ಮರೆತರು. ಕನ್ನಡಕ ಏರಿಸಿ ಪರದೆ ನೋಡಿದರು.

"ನೀನು ಯಾವಾಗ ಸಾಲಿಯಾನ್ ಆದದ್ದು ಮಾರಾಯ್ತಿ? ಅದು ನಿನ್ನ ಅಪ್ಪನ ಬಳಿ. ಮಕ್ಕಳಿಗೆ ಬರುವುದು ತಾಯಿಯ ಬಳಿ ಅಲ್ವಾ?"

ಅಶ್ಮಿತಾ ತಲೆಯೆತ್ತಿದಳು.

ವಿಕಿ ಕಟ್ಟುವಾಗ ಲತೀಶ್ ಒಂದು ಅಚ್ಚು ಮಾಡಿಟ್ಟಿದ್ದ. ಮನೆಯ ಯಜಮಾನನ ಬಳಿ ತುಂಬಿದರೆ ಸಾಕು, ಮಕ್ಕಳ ಪುಟಕ್ಕೆಲ್ಲ ಅದೇ ತಾನಾಗಿ ಇಳಿಯುತ್ತಿತ್ತು. ತಾಯಿಯಿಲ್ಲದೆ ಡೊಂಬಿವಲಿಯಲ್ಲಿ ಬೆಳೆದವನು; ಬಳಿಯೂ ಅಪ್ಪನ ಕಡೆಯಿಂದಲೇ ಬರುತ್ತದೆ ಎಂದುಕೊಂಡಿದ್ದ. ತನ್ನದನ್ನೂ ಅಪ್ಪನ ಹಳೆಯ ಸದಸ್ಯತ್ವದ ಕಾರ್ಡು ನೋಡಿ ಬರೆದಿದ್ದ. ಬಳಿ ಗೊತ್ತಿದ್ದ ಹಿರಿಯರು ಕಂಪ್ಯೂಟರ್ ನೋಡಲಿಲ್ಲ, ಕಂಪ್ಯೂಟರ್ ನೋಡಿದ ಕಿರಿಯರಿಗೆ ಬಳಿ ಗೊತ್ತಿರಲಿಲ್ಲ. ಯಾರನ್ನಾದರೂ ಕೇಳಬಹುದಿತ್ತಲ್ಲ ಎನ್ನುತ್ತೀರಾ? ಅಲ್ಲಿ ಹುಡುಗನೊಬ್ಬ ಹುಡುಗಿಯ ಬಳಿ ಯಾವುದೆಂದು ಕೇಳಿದನೆಂದರೆ ಹೆಣ್ಣು ಕೇಳಿದ ಹಾಗೆಯೇ. ತಂಗಿಯಾಗಬೇಕಾದವಳ ಹೆಸರು ಊರ ಬಾಯಿಗೆ ಬೀಳಬಾರದು ಎಂದು ಅವನು ಬಾಯಿ ಕಟ್ಟಿಕೊಂಡು ಹೋಗಿದ್ದ.

ಅವಳು ಅಮ್ಮ ಜಯಲತಾಗೆ ಫೋನ್ ಮಾಡಿದಳು. ಬಂಗೇರ ಬಳಿ ಎಂದರು ಅಮ್ಮ. ಮರುಕ್ಷಣವೇ, "ಬಳಿ ಯಾಕೆ ಕೇಳ್ತಿ? ಹುಡುಗ ಯಾರು?" ಎಂದರು.

"ಆಮೇಲೆ ಹೇಳ್ತೇನೆ ಅಮ್ಮ," ಎಂದು ಫೋನ್ ಇಟ್ಟಳು.

ಆದರೆ ಅವನ ತಾಯಿಯದು? ಆಕೆಯೂ ಬಂಗೇರ ಆಗಿದ್ದರೆ ಎಲ್ಲ ಕಥೆ ಅಲ್ಲಿಗೇ ಮುಗಿಯಿತು. ವಿಕಿಯಲ್ಲಿ ಆಕೆಗೆ ಪುಟವಿಲ್ಲ. "ದಿವಂಗತ ಚೆನ್ನಯರ ಪತ್ನಿ", ಅಷ್ಟೇ. ಹೆಸರು ಕುಶಲ ಎಂದು ಲೋಲಾಕ್ಷಕ್ಕನಿಗೆ ನೆನಪಿತ್ತು, ಒಳ್ಳೆಯ ಹಾಡುಗಾರ್ತಿ ಎಂದೂ ನೆನಪಿತ್ತು. ಬಳಿ ಮಾತ್ರ ಎಷ್ಟು ತಲೆ ಕೆರೆದರೂ ಬರಲಿಲ್ಲ. ಮಹಿಳಾ ವಿಭಾಗ ಶುರುವಾದಾಗ ಎಲ್ಲರೂ ಒಂದು ದಪ್ಪ ಪುಸ್ತಕದಲ್ಲಿ ತಮ್ಮ ಕೈಯಾರೆ ಹೆಸರು, ತವರು, ಬಳಿ ಬರೆದಿದ್ದರು ಎಂದರು.

ಆ ಪುಸ್ತಕ ವಿಕಿಯಲ್ಲಿತ್ತು! ಯಾರೋ ಪುಣ್ಯಾತ್ಮರು ಪುಟಪುಟದ ಫೋಟೋ ತೆಗೆದು ಹಾಕಿದ್ದರು. ಆದರೆ ಫೋಟೋದೊಳಗಿನ ಅಕ್ಷರ ಹುಡುಕಾಟಕ್ಕೆ ಕಾಣುವುದಿಲ್ಲ. ಮಸಿ ಹರಡಿದ ಕೈಬರಹ, ಹಿಂದುಮುಂದಾದ ಪುಟಗಳು, ಇನ್ನೂರ ಹನ್ನೆರಡು ಹೆಂಗಸರು.

ಕುಶಲರ ಸಾಲನ್ನಷ್ಟೇ ಹುಡುಕಿ ಎದ್ದುಬಿಡಬಹುದಿತ್ತು. ಆದರೆ ಒಬ್ಬೊಬ್ಬರ ಹೆಸರು ಓದುತ್ತಿದ್ದಂತೆ ಬಿಟ್ಟು ಮುಂದೆ ಹೋಗಲು ಅವಳಿಗೆ ಮನಸ್ಸು ಬರಲಿಲ್ಲ. ಮೊದಲ ಪುಟದಿಂದಲೇ ಎಲ್ಲರನ್ನೂ ಟೈಪ್ ಮಾಡಿದಳು. ಒಬ್ಬೊಬ್ಬರಿಗೂ ಅವರದೇ ಹೆಸರಿನ ಪುಟ. ಲೋಲಾಕ್ಷಕ್ಕ ಪಕ್ಕದಲ್ಲಿ ಕುಳಿತು, ಓದಲಾಗದ ಅಕ್ಷರ ಓದಿಕೊಟ್ಟರು. ಪ್ರತಿ ಹೊಸ ಸಾಲಿಗೂ ಅವಳು ಒಳಗೇ ಬೇಡಿಕೊಳ್ಳುತ್ತಿದ್ದಳು. ದೇವರೇ, ಬಂಗೇರ ಒಂದು ಬೇಡ...

ಮೂರನೆಯ ಭಾನುವಾರ, ನೂರ ಎಂಬತ್ತೇಳನೆಯ ಹೆಸರು. ಬಲಕ್ಕೆ ವಾಲಿದ ಮುದ್ದಾದ ಅಕ್ಷರ. "ಕುಶಲ. ತವರು ಹೆಜಮಾಡಿ. ಕರ್ಕೇರ ಬಳಿ."

ಲೋಲಾಕ್ಷಕ್ಕ ಅವಳ ತಲೆ ಸವರಿ, ಚಹಾ ಹೇಳಿ ಬರುತ್ತೇನೆಂದು ಕೆಳಗೆ ಹೋದರು.

ಉಳಿದ ಇಪ್ಪತ್ತೈದು ಹೆಸರನ್ನೂ ಅವಳು ಮುಗಿಸಿದಳು. ಅಚ್ಚನ್ನು ತಿದ್ದಿ, ಮಕ್ಕಳ ಪುಟಕ್ಕೆ ತಾಯಿಯ ಬಳಿ ಇಳಿಯುವಂತೆ ಮಾಡಿದಳು. ಫೋನ್ ಮಾಡಲಿಲ್ಲ. ಮೂರು ವರ್ಷ ಖಾಲಿ ಉತ್ತರ ನೋಡಿದವನಿಗೆ ಉತ್ತರ ಅಲ್ಲೇ ಸಿಗಬೇಕು ಎಂಬ ಹಠ ಅವಳದು. ಸಂಘದ ಎಂಟುನೂರು ಜನರೂ ಓದಬಹುದಾದ ಜಾಗ. ಓದಲಿ.

ಮುಂದಿನ ಭಾನುವಾರ, ನೆರೂಲಿನ ರೂಮಿನಲ್ಲಿ ಲತೀಶ್ ಎಂದಿನಂತೆ ಎರಡು ಪದ ಒತ್ತಿ, ಎಂದಿನಂತೆ ಕಣ್ಣು ಬೇರೆ ಕಡೆ ತಿರುಗಿಸಿದ. ಮತ್ತೆ ನೋಡಿದರೆ ಪುಟವೊಂದು ತೆರೆದಿತ್ತು. ಆಗಿಯೇ ಹೋಯಿತೇ...

"ಅಶ್ಮಿತಾ ಮದುವೆ. ಇನ್ನೂ ಆಗಿಲ್ಲ. ಅಶ್ಮಿತಾ: ತಾಯಿ ಜಯಲತಾ, ಬಂಗೇರ ಬಳಿ. ಲತೀಶ್: ತಾಯಿ ಕುಶಲ, ಕರ್ಕೇರ ಬಳಿ. ಬಳಿ ಬರುವುದು ತಾಯಿಯಿಂದ, ಅಪ್ಪನಿಂದಲ್ಲ. ಮೂರು ವರ್ಷದಿಂದ ಇದನ್ನು ಹುಡುಕುತ್ತಿರುವವರು ಇವತ್ತು ಹನ್ನೊಂದಕ್ಕೆ ಕಚೇರಿಗೆ ಬರುವುದು."

ಹನ್ನೊಂದಾಯಿತು. ಹನ್ನೆರಡಾಯಿತು. ಭಾನುವಾರದ ಮೆಗಾಬ್ಲಾಕ್, ಹಳಿ ರಿಪೇರಿ ಎಂದು ಅವಳು ತನಗೇ ಸಮಾಧಾನ ಹೇಳಿಕೊಂಡಳು. ಗಾಡಿಗಳೆಲ್ಲ ಲೇಟು. ಬರುವವನು ಬರುತ್ತಾನೆ... ಬಾರದವನಿಗೆ ಮೆಗಾಬ್ಲಾಕ್ ಒಂದು ನೆಪ.

ಹನ್ನೆರಡೂವರೆಗೆ ಮೆಟ್ಟಿಲಲ್ಲಿ ಓಡುವ ಸದ್ದು. ಚಪ್ಪಲಿ ಕಳಚುವುದನ್ನೂ ಮರೆತು ಅವನು ಒಳಗೆ ಬಂದ. ಅಂಗಿ ಬೆವರಿನಿಂದ ತೊಯ್ದಿತ್ತು.

ಅವಳು ಪಕ್ಕದ ಕುರ್ಚಿಯ ಮೇಲಿನ ಕೈಚೀಲ ತೆಗೆದಳು. ಅವನು ಕುಳಿತ. ಪರದೆಯ ಮೇಲೆ ಕುಶಲರ ಪುಟವಿತ್ತು, ಆ ಬಲಕ್ಕೆ ವಾಲಿದ ಅಕ್ಷರದ ಫೋಟೋ ಸಮೇತ.

"ಅಮ್ಮನ ಕೈಬರಹ ನಾನು ನೋಡಿಯೇ ಇರ್ಲಿಲ್ಲ," ಎಂದ. ಅವಳು ತನ್ನ ಕರ್ಚೀಫನ್ನು ಅವನ ಮುಂದೆ ಸರಿಸಿದಳು.

"ಒಂದು ಮಾತು ನನ್ನ ಹತ್ರ ಹೇಳ್ಬಹುದಿತ್ತಲ್ಲ ಲತೀಶ್?"

"ಹೇಳಿದ್ರೆ ನೀವೂ ಅಳ್ತಿದ್ರಿ. ಒಬ್ಬ ಅತ್ತರೆ ಸಾಕು ಅಂದ್ಕೊಂಡೆ."

"ನೀವು ಇಲ್ಲದ ದಿನ ಎಂತ ಮಾಡುವುದು ಅಂತ ಆವತ್ತೇ ಕೇಳಿದ್ದೆ. ನೀವು ಹೇಳ್ಲೇ ಇಲ್ಲ."

ಅವನು ಕಣ್ಣೊರೆಸಿಕೊಂಡು ಅವಳತ್ತ ತಿರುಗಿದ. ಕೆಳಗೆ ಲೋಲಾಕ್ಷಕ್ಕ ಯಾರಿಗೋ ಮೇಲೆ ಹೋಗಬೇಡಿ, ಮೀಟಿಂಗ್ ನಡೆಯುತ್ತಿದೆ ಎಂದು ಗದರುತ್ತಿದ್ದರು. ಮೂರು ವರ್ಷ ಯಾರ ಮುಂದೆಯೂ ಬಾಯಿ ಬಿಡಲಾಗದ ಪ್ರಶ್ನೆಯನ್ನು ಅವನು ಈಗ, ಅದರ ಅರ್ಥವೇನೆಂದು ಚೆನ್ನಾಗಿ ಗೊತ್ತಿದ್ದೇ, ಅವಳ ಕಣ್ಣು ನೋಡಿ ಕೇಳಿದ.

"ಅಶ್ಮಿತಾ... ನಿನ್ನ ಬಳಿ ಯಾವುದು?"

ಅವಳ ಕೆನ್ನೆ ಕೆಂಪಾಯಿತು. ಕಣ್ಣು ತಗ್ಗಿಸಲಿಲ್ಲ.

"ಬಂಗೇರ. ನಿಮ್ಮದು?"

"ಕರ್ಕೇರ," ಎಂದ ಅವನು, ಜೀವನದಲ್ಲಿ ಮೊದಲ ಸಲ.